ಗೋಡೆಯ ಮೇಲಿನ ಇಲಿ: ಗಡಿನಾಡ ಕನ್ನಡ ಶಾಲೆಗಳ ಭಿತ್ತಿಚಿತ್ರ ಚರಿತ್ರೆಗೆ ಒಂದು ಪ್ರವೇಶ

ಕನ್ನಡದ ‘ಇಲಿ’ ತಮಿಳು, ಮಲಯಾಳ, ತುಳು ಮೂರರಲ್ಲೂ ‘ಎಲಿ’. ಕನ್ನಡದ ‘ಎಲೆ’ ತಮಿಳಿನಲ್ಲಿ ‘ಇಲೈ’, ಮಲಯಾಳದಲ್ಲಿ ‘ಇಲ’. ಈ ಎರಡು ಜೋಡಿಗಳಲ್ಲಿ ಪದದ ಮೊದಲ ಸ್ವರ ಪರಸ್ಪರ ಅದಲುಬದಲಾಗಿದೆ. ಭಾಷಾಶಾಸ್ತ್ರದ ತರಗತಿಯಲ್ಲಿ ಇದು ದ್ರಾವಿಡ ಸ್ವರವ್ಯತ್ಯಾಸದ ಒಂದು ಚಿಕ್ಕ ಉದಾಹರಣೆ. ಕಾಸರಗೋಡು ಅಥವಾ ತಾಳವಾಡಿಯ ಕನ್ನಡ ಮಾಧ್ಯಮದ ಒಂದನೆಯ ತರಗತಿಯಲ್ಲಿ ಅದೇ ಸಂಗತಿ ಬಹಳ ಪ್ರಾಯೋಗಿಕವಾದ ಪ್ರಶ್ನೆಯಾಗುತ್ತದೆ: ಗೋಡೆಯ ಮೇಲೆ ಇಲಿಯ ಚಿತ್ರವನ್ನು ಯಾವ ಅಕ್ಷರದ ಪಕ್ಕದಲ್ಲಿ ಬರೆಯಬೇಕು? ಮಲಯಾಳದ ಅಕ್ಷರಮಾಲೆಯಲ್ಲಿ ಅದು ‘ಎ’ಕಾರದ ಮನೆಯಲ್ಲಿರುತ್ತದೆ, ಕನ್ನಡದಲ್ಲಿ ‘ಇ’ಕಾರದ ಮನೆಯಲ್ಲಿ. ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಅಕ್ಷರವನ್ನು ಮಾತ್ರ ಬದಲಿಸಿದರೆ ಪಾಠ ತಪ್ಪಾಗುತ್ತದೆ.

ಶಾಲೆ, ಅಂಗನವಾಡಿ, ಮನೆಗಳಲ್ಲಿ ಮಕ್ಕಳಿಗಾಗಿ ಬರೆಸುವ ಗೋಡೆಚಿತ್ರಗಳನ್ನು ಸಾಮಾನ್ಯವಾಗಿ ಅಲಂಕಾರವೆಂದು ಪರಿಗಣಿಸಲಾಗುತ್ತದೆ. ಚಿತ್ರಕಲೆಯ ಚರಿತ್ರೆಕಾರರಿಗೆ ಅವು ತೀರ ಸಾಧಾರಣವಾಗಿ ಕಂಡಿವೆ; ಶಿಕ್ಷಣದ ಚರಿತ್ರೆಕಾರರು ಪಠ್ಯಪುಸ್ತಕದಿಂದಾಚೆಗೆ ಕಣ್ಣು ಹಾಯಿಸಿದ್ದು ಕಡಿಮೆ. ಆದರೆ ಕನ್ನಡವು ರಾಜ್ಯಭಾಷೆಯಲ್ಲದ ಊರುಗಳಲ್ಲಿ ಈ ಗೋಡೆಗೆ ಬೇರೆಯೇ ತೂಕವಿದೆ. ಬಸ್ಸಿನ ಫಲಕ, ಕಚೇರಿಯ ನಾಮಫಲಕ, ಅಂಗಡಿಯ ಹೆಸರು ಬಹುಮಟ್ಟಿಗೆ ಬೇರೆ ಲಿಪಿಯಲ್ಲಿರುವ ಕಡೆ, ದೊಡ್ಡ ಗಾತ್ರದ ಕನ್ನಡ ಅಕ್ಷರವನ್ನು ಮಗು ಸಾರ್ವಜನಿಕವಾಗಿ ಕಾಣುವ ಜಾಗಗಳಲ್ಲಿ ಶಾಲೆಯ ಗೋಡೆ ಮೊದಲನೆಯದು. ಆ ಗೋಡೆಯ ಮೇಲೆ ಏನಿರಬೇಕೆಂಬುದನ್ನು ಯಾರು ತೀರ್ಮಾನಿಸುತ್ತಾರೆ, ಆ ಅಧಿಕಾರ ಅವರ ಕೈಗೆ ಬಂದುದು ಹೇಗೆ ಎಂಬುದು ಈ ಲೇಖನದ ವಿಷಯ.

ಮರಳು, ಹಲಗೆ, ಕಡತ

ಗೋಡೆಯು ಕಲಿಕೆಯ ಸಾಧನವಾದುದು ಈಚಿನ ಬೆಳವಣಿಗೆ. ಅದಕ್ಕೆ ಮುಂಚಿನ ಸ್ಥಿತಿಯನ್ನು ತಿಳಿಯಲು ಗಡಿನಾಡಿಗೇ ಸಂಬಂಧಿಸಿದ ಒಂದು ಒಳ್ಳೆಯ ದಾಖಲೆಯಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಪ್ರಾಂತದ ಕಲೆಕ್ಟರುಗಳಿಂದ ಸ್ಥಳೀಯ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ದೀರ್ಘ ವರದಿಯೊಂದನ್ನು ಕಳಿಸಿದ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ರಾಯದುರ್ಗಗಳೂ ಇಂದಿನ ಅನಂತಪುರದ ಸೀಮೆಯೂ ಸೇರಿದ್ದವು. ಆ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಭಾಷಾವಾರು ನೋಡಿದರೆ ಕನ್ನಡದ ಶಾಲೆಗಳು 235, ತೆಲುಗಿನವು 226. ಮರಾಠಿ ಮತ್ತು ಸಂಸ್ಕೃತ ತಲಾ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಮುಂದೆ 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಬಳ್ಳಾರಿಯ ಉಳಿದ ಭಾಗ ಮೈಸೂರಿಗೂ ಸೇರಿದಾಗ ಎಳೆದ ಗೆರೆ, ಹೀಗೆ ಬಹುತೇಕ ಸಮಸಮನಾಗಿ ಹೆಣೆದುಕೊಂಡಿದ್ದ ಎರಡು ಅಕ್ಷರಾಭ್ಯಾಸಗಳ ನಡುವೆ ಎಳೆದ ಗೆರೆಯಾಗಿತ್ತು.

ಮಕ್ಕಳು ಬರೆಯುತ್ತಿದ್ದ ಪರಿಕರಗಳ ಬಗೆಗೆ ಕ್ಯಾಂಪ್‌ಬೆಲ್ ಕೊಡುವ ವಿವರ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಮಗು ಮೊದಲು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಅನಂತರ ಹಲಗೆ: ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ತುಂಡಿಗೆ ಅನ್ನ ಮತ್ತು ಇದ್ದಿಲಪುಡಿ ಬಳಿದು ಸಿದ್ಧಪಡಿಸಿದ್ದು. ಅದರ ಜೊತೆಗೆ ಕಡತ: ಗಂಜಿ ಹಾಕಿ ಗಟ್ಟಿಮಾಡಿ ಪುಸ್ತಕದಂತೆ ಮಡಿಸಿದ ಬಟ್ಟೆಗೆ ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು. ಈ ಮೂರರಲ್ಲೂ ಬರಹ ಮಗುವಿನ ಕೈಯದೇ. ಬರೆದದ್ದು ಅಳಿಯುತ್ತಿತ್ತು, ಮತ್ತೆ ಬರೆಯಬೇಕಾಗುತ್ತಿತ್ತು. ಮಗುವಿನ ಸುತ್ತ ಸ್ಥಿರವಾಗಿ ನಿಂತು, ನೋಡಿ ಕಲಿ ಎಂದು ಹೇಳುವ ಬರಹ ಇರಲಿಲ್ಲ. ಚಿತ್ರದ ನೆರವೂ ಇರಲಿಲ್ಲ; ಅಕ್ಷರ ನೆನಪಾಗುತ್ತಿದ್ದುದು ಬಾಯಿಪಾಠದಿಂದ.

ಮನೆಯ ಗೋಡೆಗಳ ಮೇಲೆ ಚಿತ್ರಗಳಿದ್ದವು, ಆದರೆ ಅವು ಮಕ್ಕಳಿಗಾಗಿ ಬರೆದವಲ್ಲ. ಮಲೆನಾಡಿನ ದೀವರ ಹಸೆ ಚಿತ್ತಾರ ಮದುವೆಯ ಗೋಡೆಯದು. ಮಹಾರಾಷ್ಟ್ರದ ವಾರ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದುದೂ ಮದುವೆಯ ಸಂದರ್ಭಕ್ಕೆ. ಗೋವೆ ಮತ್ತು ಉತ್ತರ ಕನ್ನಡದ ಕಾವಿ ಕಲೆ ದೇವಾಲಯಗಳ ಗಾರೆಗೋಡೆಯನ್ನು ಕೆರೆದು ತೆಗೆದ ಕೆಂಪು–ಬಿಳಿ ವಿನ್ಯಾಸ. ಮಕ್ಕಳು ಇವುಗಳ ನಡುವೆಯೇ ಬೆಳೆದರು, ಅಮ್ಮ–ಅಜ್ಜಿಯರ ಕೈ ನೋಡಿ ಕಲಿತರು. ಆದರೆ ಮಗುವನ್ನೇ ನೋಡುಗನೆಂದು ಭಾವಿಸಿದ ಗೋಡೆ ಅಲ್ಲಿರಲಿಲ್ಲ.

ಗೋಡೆ ಪಾಠವಾದ ಬಗೆ

ಮಗುವನ್ನು ನೋಡುಗನೆಂದು ಭಾವಿಸುವ ಗೋಡೆ ಮೊದಲು ಮೂಡಿದ್ದು ಯುರೋಪಿನ ಒಂದು ಕಲ್ಪನಾಗ್ರಂಥದಲ್ಲಿ. ಇಟಲಿಯ ಸಂನ್ಯಾಸಿ ತೊಮ್ಮಾಸೊ ಕಂಪನೆಲ್ಲ ಸೆರೆಮನೆಯಲ್ಲಿದ್ದಾಗ 1602ರಲ್ಲಿ ಬರೆದ ‘ಸೂರ್ಯನಗರ’ವು 1623ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಯಿತು. ಆ ನಗರಕ್ಕೆ ಏಳು ಸುತ್ತಿನ ಗೋಡೆಗಳು. ಗಣಿತದ ಆಕೃತಿಗಳಿಂದ ಹಿಡಿದು ಗಿಡಮೂಲಿಕೆ, ಪ್ರಾಣಿಪಕ್ಷಿ, ಕಸಬುಗಳವರೆಗೆ ಎಲ್ಲ ವಿದ್ಯೆಗಳೂ ಅವುಗಳ ಮೇಲೆ ಚಿತ್ರಿತವಾಗಿರುತ್ತವೆ. ಮಕ್ಕಳು ಗೋಡೆಗಳ ಪಕ್ಕದಲ್ಲಿ ಸುತ್ತಾಡುತ್ತಲೇ ಹತ್ತನೆಯ ವಯಸ್ಸಿನೊಳಗೆ ಅವನ್ನು ಕಲಿತುಬಿಡುತ್ತಾರೆ. ಗಡಿನಾಡಿನ ಓದುಗರು ಗಮನಿಸಬೇಕಾದ ಒಂದು ವಿವರ ಅಲ್ಲಿದೆ: ಭೂಪಟದ ಸುತ್ತಿನಲ್ಲಿ ಬೇರೆ ಬೇರೆ ಜನಾಂಗಗಳ ಅಕ್ಷರಮಾಲೆಗಳನ್ನು ಬರೆದು, ಅವುಗಳಿಗೆ ಜೋಡಿಯಾಗಿ ಸೂರ್ಯನಗರದ ಅಕ್ಷರಮಾಲೆಯನ್ನು ಇಡಲಾಗಿದೆ. ಎಲ್ಲ ಲಿಪಿಗಳಿಗೂ ಗೋಡೆಯಲ್ಲಿ ಎಡೆಯಿದೆ. ಆದರೆ ಅಳತೆಗೋಲು ಮಾತ್ರ ನಗರದ ಸ್ವಂತ ಲಿಪಿ. ಗೋಡೆ ಕಲಿಸುತ್ತದೆ ಎಂಬ ವಿಚಾರವೂ ಗೋಡೆಯ ಮೇಲೆ ಯಾರ ಲಿಪಿ ಮುಖ್ಯ ಎಂಬ ಪ್ರಶ್ನೆಯೂ ಒಂದೇ ಪುಸ್ತಕದಲ್ಲಿ ಹುಟ್ಟಿವೆ.

ಇದಾದ ಮೂರೂವರೆ ದಶಕಗಳ ಮೇಲೆ, 1658ರಲ್ಲಿ, ಕೊಮೆನಿಯಸ್‌ನ ‘ಆರ್ಬಿಸ್ ಪಿಕ್ಟಸ್’ ಲ್ಯಾಟಿನ್–ಜರ್ಮನ್ ದ್ವಿಭಾಷಾ ಚಿತ್ರಪುಸ್ತಕವಾಗಿ ನ್ಯೂರೆಂಬರ್ಗಿನಲ್ಲಿ ಹೊರಬಂತು. ಅದರ ಆರಂಭದ ಅಕ್ಷರಮಾಲೆಯಲ್ಲಿ ಪ್ರತಿ ಅಕ್ಷರದ ಜೊತೆಗೂ ಒಂದು ಪ್ರಾಣಿಯ ಅಥವಾ ಸದ್ದಿನ ಚಿತ್ರವಿದೆ. ಕಾಗೆಯ ಕೂಗು ಒಂದು ಅಕ್ಷರ, ಕುರಿಯ ಕೂಗು ಇನ್ನೊಂದು. ಕೊಮೆನಿಯಸ್ ಆರಿಸಿಕೊಂಡದ್ದು ಪ್ರಾಣಿಯ ಹೆಸರನ್ನಲ್ಲ, ಅದರ ದನಿಯನ್ನು. ಹಾಗಾಗಿ ಭಾಷೆ ಬದಲಾದರೂ ಚಿತ್ರ ಮತ್ತು ಅಕ್ಷರದ ನಂಟು ಬಹುಮಟ್ಟಿಗೆ ಉಳಿಯುತ್ತಿತ್ತು. ಮುಂದೆ ಜಗತ್ತಿನಾದ್ಯಂತ ನೆಲೆಗೊಂಡ ವಿಧಾನ ಇದಲ್ಲ. ಹೆಸರಿನ ಮೊದಲ ಧ್ವನಿಯಿಂದ ಅಕ್ಷರ ಗುರುತಿಸುವ ವಿಧಾನ ಗೆದ್ದಿತು, ಅದರೊಂದಿಗೆ ಚಿತ್ರವು ಒಂದೊಂದು ಭಾಷೆಗೆ ಕಟ್ಟುಬಿದ್ದಿತು. ಹತ್ತೊಂಬತ್ತನೆಯ ಶತಮಾನದ ಶಾಲಾ ಭಿತ್ತಿಪಟಗಳು ಈ ಕಟ್ಟನ್ನು ಪುಸ್ತಕದಿಂದ ಗೋಡೆಗೆ ತಂದವು.

ಭಾರತದಲ್ಲಿ ವಿದ್ಯಾಸಂಸ್ಥೆಯ ಗೋಡೆಯನ್ನು ಕಲೆಯಾಗಿ ಯೋಚಿಸಿದ ದೊಡ್ಡ ಪ್ರಯೋಗ ಶಾಂತಿನಿಕೇತನದ್ದು. ನಂದಲಾಲ್ ಬೋಸ್ ಜಯಪುರದಿಂದ ಕುಶಲಕರ್ಮಿಯನ್ನು ಕರೆಸಿ ಹಸಿಗಾರೆಯ ಚಿತ್ರವಿಧಾನವನ್ನು ವಿದ್ಯಾರ್ಥಿಗಳಿಗೆ ಕಲಿಸಿದರು. ಅವರ ಶಿಷ್ಯ ವಿನೋದ ಬಿಹಾರಿ ಮುಖರ್ಜಿ 1940ರಲ್ಲಿ ಕಲಾಭವನದ ವಿದ್ಯಾರ್ಥಿನಿಲಯದ ಚಾವಣಿಗೆ ಸುತ್ತಲಿನ ಬೀರಭೂಮ್ ಹಳ್ಳಿಯ ಬದುಕನ್ನು ಬರೆದರು. ಕೆರೆ, ಮರ, ದನ, ಜನ ಎಲ್ಲವೂ ಅಲ್ಲಿದ್ದವು. ಹಿಂದೀ ಭವನದಲ್ಲಿ ಮಧ್ಯಯುಗದ ಸಂತರ ಬದುಕನ್ನು ಕುರಿತ ಅವರ ಭಿತ್ತಿಚಿತ್ರ 1946–47ರದು. ಅದರಲ್ಲಿ ಅವರಿಗೆ ನೆರವಾದವರಲ್ಲಿ ಉತ್ತರ ಮಲಬಾರಿನ ಕೂತುಪರಂಬದಲ್ಲಿ ಹುಟ್ಟಿದ ಕೆ.ಜಿ. ಸುಬ್ರಮಣ್ಯನ್ ಒಬ್ಬರು. ಮಕ್ಕಳ ಪುಸ್ತಕ ಮತ್ತು ಆಟಿಕೆಗಳಿಗೂ ಭಿತ್ತಿಚಿತ್ರಕ್ಕೂ ಸಮಾನ ಗೌರವ ಕೊಟ್ಟ ಕಲಾವಿದರು ಅವರು. ಈ ಪರಂಪರೆ ಗೋಡೆಯ ಮೇಲೆ ಅಕ್ಷರ ಕಲಿಸಲು ಹೋಗಲಿಲ್ಲ. ಓದುವವರು ಯಾವ ನೆಲದ ಮೇಲಿದ್ದಾರೋ ಆ ನೆಲವೇ ಗೋಡೆಯ ವಸ್ತುವಾಗಬಹುದೆಂದು ತೋರಿಸಿತು.

ಕಾಮಗಾರಿಯಾದ ಚಿತ್ರ

ಈ ಪ್ರಯೋಗದಿಂದ ಹಳ್ಳಿಯ ಸರಕಾರಿ ಶಾಲೆಯವರೆಗಿನ ದಾರಿ ನೇರವಾದುದಲ್ಲ. 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯ ಚಿಂತೆ ಶಾಲೆಗೆ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದಿಷ್ಟು ಬೋಧನೋಪಕರಣ ಒದಗಿಸುವುದಾಗಿತ್ತು. ಗೋಡೆಯೇ ಉಪಕರಣವಾಗಬಹುದೆಂಬ ವಿಚಾರ ರಾಜಸ್ಥಾನದ ಲೋಕ ಜುಂಬಿಶ್ ಕಾರ್ಯಕ್ರಮದ ಕಾಲದಲ್ಲಿ ರೂಪುಗೊಂಡಿತು. ದೆಹಲಿಯ ವಿನ್ಯಾಸ್ ಸಂಸ್ಥೆಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಸಂಗಡಿಗರು ಯುನಿಸೆಫ್ ನೆರವಿನೊಂದಿಗೆ ಬೆಳೆಸಿದ ಈ ವಿಧಾನ ‘ಬಾಲಾ’ ಎಂಬ ಸಂಕ್ಷಿಪ್ತ ಹೆಸರಿನಿಂದ ದೇಶದಾದ್ಯಂತ ಪರಿಚಿತವಾಯಿತು. ಕಟ್ಟಡವೇ ಕಲಿಕೆಯ ಸಾಧನ ಎಂಬುದು ಅದರ ತಿರುಳು. ಬಾಗಿಲು ತೆರೆಯುವಾಗ ಅದು ಸಾಗುವ ಕೋನವನ್ನು ನೆಲದ ಮೇಲೆ ಗುರುತಿಸುವುದು, ಮೆಟ್ಟಿಲುಗಳಿಗೆ ಸಂಖ್ಯೆ ಕೊಡುವುದು, ಕಿಟಕಿಯ ಸರಳುಗಳನ್ನು ಮಗು ಬೆರಳಾಡಿಸಿ ಬರವಣಿಗೆಗೆ ಕೈ ಪಳಗಿಸುವ ಆಕಾರಕ್ಕೆ ಬಗ್ಗಿಸುವುದು ಅದರ ಮೂಲ ಸಲಹೆಗಳಲ್ಲಿ ಸೇರಿದ್ದವು. ಮಗು ಮುಟ್ಟಿ ಬಳಸಬೇಕಾದ ವಸ್ತುಗಳಿವು.

ಸರ್ವ ಶಿಕ್ಷಾ ಅಭಿಯಾನದ ಮೂಲಕ ಈ ವಿಚಾರ ಹರಡಿದಾಗ ಅದರಲ್ಲಿ ಅಗ್ಗವೂ ಸುಲಭವೂ ಆದ ಭಾಗ ಮುಂದಾಯಿತು, ಅದೆಂದರೆ ಬಣ್ಣ. ಸರಳು ಬಗ್ಗಿಸಲು, ನೆಲ ಕೊರೆಯಲು ಕಟ್ಟಡ ಕಟ್ಟುವಾಗಲೇ ಯೋಜನೆ ಬೇಕು. ಬಣ್ಣ ಬಳಿಯಲು ಮಾರ್ಚ್ ತಿಂಗಳ ಉಳಿಕೆ ಹಣ ಸಾಕು. ಇದೇ ಹೊತ್ತಿಗೆ ಫ್ಲೆಕ್ಸ್ ಮುದ್ರಣ ಬಂದು ಅಂಗಡಿ, ಸಿನಿಮಾ, ಚುನಾವಣೆಗಳ ಬೋರ್ಡು ಬರೆಯುವವರ ಕಸುಬು ಕುಸಿದಿತ್ತು. ಕುಂಚ ಹಿಡಿದ ಆ ಕೈಗಳಿಗೆ ಶಾಲೆಯ ಗೋಡೆ ಒಂದು ಹೊಸ ಆಸರೆಯಾಯಿತು. ಎನಾಮಲ್ ಬಣ್ಣ, ರಟ್ಟಿನ ಕೊರೆಯಚ್ಚು, ಮೊಬೈಲಿನಲ್ಲಿ ಬಂದ ಮಾದರಿ ಚಿತ್ರ ಇವಿಷ್ಟರಿಂದ ಒಂದೇ ಜಿರಾಫೆ, ಒಂದೇ ರೈಲು, ಒಂದೇ ನಗುವ ಸೂರ್ಯ ರಾಜ್ಯದಿಂದ ರಾಜ್ಯಕ್ಕೆ ಸಾಗಿದವು.

ಮುಂದಿನ ಹಂತದಲ್ಲಿ ರಾಜ್ಯಗಳು ಬಣ್ಣವನ್ನೇ ಯೋಜನೆಯ ಅಂಗವಾಗಿಸಿದವು. ಆಂಧ್ರಪ್ರದೇಶದಲ್ಲಿ 2019ರ ನವೆಂಬರಿನಲ್ಲಿ ಆರಂಭವಾದ ‘ಮನ ಬಡಿ ನಾಡು–ನೇಡು’, ತೆಲಂಗಾಣದಲ್ಲಿ 2022ರ ‘ಮನ ಊರು–ಮನ ಬಡಿ’ ಎರಡರಲ್ಲೂ ಶೌಚಾಲಯ, ನೀರು, ವಿದ್ಯುತ್ತು, ಪೀಠೋಪಕರಣಗಳ ಪಟ್ಟಿಯಲ್ಲಿ ಶಾಲೆಗೆ ಬಣ್ಣ ಬಳಿಯುವುದೂ ಒಂದು ಬಾಬ್ತು. ಮಹಾರಾಷ್ಟ್ರದಲ್ಲಿ ‘ಬೋಲಕ್ಯಾ ಭಿಂತಿ’, ಅಂದರೆ ಮಾತಾಡುವ ಗೋಡೆಗಳು, ಶಾಲೆಗಳ ಹೆಮ್ಮೆಯ ಮಾತಾಯಿತು. 2023–24ರ ‘ಮಾಝೀ ಶಾಳಾ ಸುಂದರ ಶಾಳಾ’ ಅಭಿಯಾನ ಚೆಂದದ ಶಾಲೆಗೆ ಬಹುಮಾನವನ್ನೂ ಜೋಡಿಸಿತು. ಕೇರಳದ ‘ವರ್ಣಕ್ಕೂಡಾರಂ’ ಯೋಜನೆ ಪೂರ್ವಪ್ರಾಥಮಿಕ ತರಗತಿಗಳಲ್ಲಿ 13 ಚಟುವಟಿಕೆಯ ತಾಣಗಳನ್ನು ರೂಪಿಸಿತು. ಭಾಷಾವಿಕಾಸದ ತಾಣ ಅವುಗಳಲ್ಲೊಂದು, ಚಿತ್ರ ಬಿಡಿಸುವ ‘ವರಯಿಡಂ’ ಇನ್ನೊಂದು. ಈ ಯೋಜನೆಗಳ ಒಳ್ಳೆಯ ಫಲವನ್ನು ಅಲ್ಲಗಳೆಯಲಾಗದು: ಸುಣ್ಣ ಉದುರುತ್ತಿದ್ದ ಶಾಲೆಗಳು ಮಕ್ಕಳು ಬಯಸಿ ಬರುವ ಜಾಗಗಳಾದವು. ಆದರೆ ಗೋಡೆಯ ಮೇಲಿನ ಬರಹ ಸೇರಿಕೊಂಡದ್ದು ಪಠ್ಯದ ಲೆಕ್ಕಕ್ಕಲ್ಲ, ಕಾಮಗಾರಿಯ ಲೆಕ್ಕಕ್ಕೆ. ಪಠ್ಯಪುಸ್ತಕಕ್ಕೆ ರಚನಾ ಸಮಿತಿ, ಪರಿಶೀಲಕರು, ಕರಡು ತಿದ್ದುವವರು ಇರುತ್ತಾರೆ. ಕಾಮಗಾರಿಗೆ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇರುತ್ತವೆ. ಅಳತೆ ಪುಸ್ತಕಕ್ಕೆ ಚದರಡಿ ಗೊತ್ತು, ಒತ್ತಕ್ಷರ ಗೊತ್ತಿಲ್ಲ.

ಚಿತ್ರಕ್ಕೂ ಭಾಷೆಯುಂಟು

ಮುಖ್ಯಭಾಷೆಯ ಶಾಲೆಯಲ್ಲಿ ಈ ಕೊರತೆ ಅಷ್ಟಾಗಿ ಎದ್ದು ಕಾಣದು. ಅಲ್ಲಿ ಮಾದರಿಯೂ ಕುಂಚ ಹಿಡಿದವನ ಓದೂ ಆ ಭಾಷೆಯದೇ. ಅಲ್ಪಸಂಖ್ಯಾತ ಭಾಷೆಯ ಶಾಲೆಯಲ್ಲಿ ಮಾದರಿ ಒಂದು ಭಾಷೆಯದು, ಗೋಡೆ ಇನ್ನೊಂದರದು. ‘ಚಿತ್ರ ಎಲ್ಲರದು, ಅಕ್ಷರ ಬದಲಿಸಿದರಾಯಿತು’ ಎಂಬ ನಂಬಿಕೆ ಎಷ್ಟು ದೂರ ಬರುತ್ತದೆ ಎಂಬುದನ್ನು ಮಕ್ಕಳ ಅಕ್ಷರಮಾಲೆಯ ಪರಿಚಿತ ಚಿತ್ರಗಳಿಂದಲೇ ಪರೀಕ್ಷಿಸಬಹುದು.

ಆನೆ ಕನ್ನಡ–ಮಲಯಾಳಗಳಲ್ಲಿ ‘ಆ’ಕಾರಕ್ಕೆ ಸೇರಿದ ಪ್ರಾಣಿ. ತೆಲುಗಿನಲ್ಲಿ ಅದು ‘ಏನುಗು’, ಮರಾಠಿಯಲ್ಲಿ ‘ಹತ್ತೀ’, ಇಂದಿನ ತಮಿಳು ಪಾಠದಲ್ಲಿ ‘ಯಾನೈ’. ಇಲಿ ಕನ್ನಡದಲ್ಲಿ ‘ಇ’, ತಮಿಳು–ಮಲಯಾಳಗಳಲ್ಲಿ ‘ಎ’, ತೆಲುಗಿನಲ್ಲಿ ‘ಎಲುಕ’ವಾದ್ದರಿಂದ ಅಲ್ಲೂ ‘ಎ’, ಮರಾಠಿಯಲ್ಲಿ ‘ಉಂದೀರ’. ಎಲೆ ಕನ್ನಡದಲ್ಲಿ ‘ಎ’, ತಮಿಳು–ಮಲಯಾಳಗಳಲ್ಲಿ ‘ಇ’, ತೆಲುಗಿನಲ್ಲಿ ‘ಆಕು’, ಮರಾಠಿಯಲ್ಲಿ ‘ಪಾನ’. ಹುಲಿಯ ಚಿತ್ರ ಇನ್ನೂ ಹಳೆಯ ಚರಿತ್ರೆಯನ್ನು ಹೊತ್ತಿದೆ. ಹಳಗನ್ನಡದ ಪದಾದಿ ಪಕಾರ ಹಕಾರವಾದುದರಿಂದ ‘ಪುಲಿ’ ನಮ್ಮಲ್ಲಿ ‘ಹುಲಿ’ಯಾಯಿತು, ತಮಿಳು–ತೆಲುಗುಗಳಲ್ಲಿ ‘ಪುಲಿ’ಯಾಗಿಯೇ ಉಳಿಯಿತು. ಮಲಯಾಳದ ‘ಪುಲಿ’ ಚಿರತೆಯನ್ನು ಸೂಚಿಸುತ್ತದೆ, ಪಟ್ಟೆಹುಲಿ ಅಲ್ಲಿ ‘ಕಡುವ’. ಹಾವು, ಹಾಲು, ಹಲ್ಲುಗಳ ಸಂಗತಿಯೂ ಇದೇ: ತಮಿಳಿನ ಗೋಡೆಯಲ್ಲಿ ಪವರ್ಗಕ್ಕೆ ಸೇರುವ ಚಿತ್ರಗಳು ಕನ್ನಡದ ಗೋಡೆಯಲ್ಲಿ ವರ್ಣಮಾಲೆಯ ಕೊನೆಯ ಭಾಗಕ್ಕೆ ಸರಿಯುತ್ತವೆ. ಕದಲದೆ ನಿಲ್ಲುವ ಚಿತ್ರಗಳೂ ಇವೆ. ‘ಏಣಿ’ ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ‘ಏ’ಕಾರದಲ್ಲೇ ಇದೆ. ‘ಆಡು’ ಕೂಡ ಮೂರರಲ್ಲೂ ‘ಆ’ಕಾರದಲ್ಲಿದೆ. ಇವರಾರ ಊರಿನದೂ ಅಲ್ಲದ ಒಂಟೆ ನಾಲ್ಕೂ ದ್ರಾವಿಡ ಭಾಷೆಗಳ ಅಕ್ಷರಮಾಲೆಯಲ್ಲಿ ‘ಒ’ಕಾರಕ್ಕೆ ಗಟ್ಟಿಯಾಗಿ ಕಟ್ಟುಬಿದ್ದಿದೆ.

ಕನ್ನಡದ ಒಳಗೂ ಈ ವ್ಯತ್ಯಾಸಗಳಿವೆ. ಹಸುವಿನ ಚಿತ್ರ ದಕ್ಷಿಣದಲ್ಲಿ ‘ಹ’. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡದಲ್ಲಿ ಅದು ‘ಆಕಳು’, ಹಾಗಾಗಿ ‘ಆ’. ಕರಾವಳಿಯ ಮಾತಿನಲ್ಲಿ ‘ದನ’. ಉತ್ತರದ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದರಿಂದ ಎಲೆ ‘ಎಲಿ’ಯಾಗುತ್ತದೆ. ಜತ್ತದ ಮಗುವಿನ ‘ಎಲಿ’ ಮರದ ಮೇಲಿರುತ್ತದೆ, ಮನೆಯಲ್ಲಿ ತುಳು ಆಡುವ ಕಾಸರಗೋಡಿನ ಮಗುವಿನ ‘ಎಲಿ’ ಅಟ್ಟದ ಮೇಲೆ ಓಡುತ್ತದೆ. ಬೆಂಗಳೂರಿನಿಂದ ತರಿಸಿದ ಮಾದರಿಯೂ ಈ ಎರಡು ಮಕ್ಕಳಿಗೆ ಒಂದೇ ರೀತಿ ಒದಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಚಿತ್ರಗಳನ್ನಿಡುವ ಚೌಕಗಳ ಸಂಖ್ಯೆಯೂ ಭಾಷೆಯಿಂದ ಭಾಷೆಗೆ ಬೇರೆ. ತಮಿಳಿನ ಮಾದರಿಯಲ್ಲಿ 12 ಸ್ವರ, 18 ವ್ಯಂಜನ, ಒಂದು ಆಯ್ತ. ಕನ್ನಡಕ್ಕೆ 49 ಮನೆಗಳು ಬೇಕು. ಅಲ್ಪಪ್ರಾಣ–ಮಹಾಪ್ರಾಣಗಳ ಐದೈದು ಸಾಲು ತಮಿಳಿನ ಚೌಕದಲ್ಲಿ ಹಿಡಿಯದು. ಮರಾಠಿಯ ಸ್ವರಗಳಲ್ಲಿ ಹ್ರಸ್ವ ‘ಎ’, ಹ್ರಸ್ವ ‘ಒ’ಗಳಿಲ್ಲ. ಬಾರಾಖಡಿಯೆಂಬ ಹೆಸರಿನಲ್ಲೇ ಹನ್ನೆರಡರ ಎಣಿಕೆಯಿದೆ, ಕನ್ನಡದ ಕಾಗುಣಿತ ಹನ್ನೆರಡಕ್ಕೆ ಮುಗಿಯದು. ತೆಲುಗಿನ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಚೌಕ ಸರಿಹೊಂದುತ್ತದೆ, ಲಿಪಿಯೂ ತೀರ ಹತ್ತಿರದ್ದು. ಒಂದೇ ತೆಲುಗು–ಕನ್ನಡ ಲಿಪಿಯಿಂದ ಕವಲೊಡೆದ ಇವೆರಡರ ಈಗಿನ ರೂಪಗಳು ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಮೊಳೆಗಳಲ್ಲಿ ಗಟ್ಟಿಗೊಂಡವು. ತೆಲುಗಿನ ತಲೆಕಟ್ಟು ಮೇಲಕ್ಕೆ ಚಿಮ್ಮುತ್ತದೆ, ಕನ್ನಡದ್ದು ಅಡ್ಡಲಾಗಿ ಹರಿದು ತುದಿಯಲ್ಲಿ ಬಾಗುತ್ತದೆ. ತೆಲುಗಿಗೆ ಪಳಗಿದ ಕುಂಚ ಕನ್ನಡ ಬರೆದರೆ ಓದುವ ದೊಡ್ಡವರಿಗೆ ಅಡ್ಡಿಯಾಗದು. ಆದರೆ ರಾಯದುರ್ಗ, ಮಡಕಶಿರಾಗಳ ಮಗುವಿಗೆ ಎರಡು ಲಿಪಿಗಳನ್ನು ಬೇರ್ಪಡಿಸುವ ಗುರುತೇ ಆ ಒಂದು ಗೀಟು.

ಇಲ್ಲಿ ಒಂದು ಕ್ರಿಯಾಪದವನ್ನು ನೆನೆಯಬಹುದು. ಮಲಯಾಳದಲ್ಲಿ ಅಕ್ಷರಕ್ಕೆ ‘ಎಳುತುಗ’, ಚಿತ್ರಕ್ಕೆ ‘ವರಯ್ಕುಗ’. ತೆಲುಗಿನಲ್ಲಿ ‘ರಾಯು’, ‘ಗೀಯು’. ಮರಾಠಿಯಲ್ಲಿ ಅಕ್ಷರ ಬರೆಯುತ್ತಾರೆ, ಚಿತ್ರ ‘ಕಾಢತಾತ’. ಕನ್ನಡದಲ್ಲಿ ‘ಬಿಡಿಸು’, ‘ತೆಗೆ’ಗಳಿದ್ದರೂ ‘ಬರೆ’ ಎಂಬುದು ಎರಡಕ್ಕೂ ಸಲ್ಲುತ್ತದೆ. ಶಾಲೆಯ ಗೋಡೆಯಲ್ಲಿ ಇವೆರಡನ್ನು ಬೇರೆ ಮಾಡಿ, ಚಿತ್ರವನ್ನು ಕಲಾವಿದನಿಗೂ ಅಕ್ಷರವನ್ನು ಆಮೇಲೆ ಯಾರಾದರೊಬ್ಬರಿಗೂ ವಹಿಸುವುದು ಕೆಲಸವನ್ನೇ ತಪ್ಪಾಗಿ ಅರ್ಥಮಾಡಿಕೊಂಡಂತೆ.

ಶೈಲಿಗಳ ಪ್ರಯಾಣ

ಅಕ್ಷರವಿಲ್ಲದ ಚಿತ್ರಗಳೂ ಊರಿನ ಗುರುತು ಹೇಳುತ್ತವೆ. ಜಿವ್ಯಾ ಸೋಮಾ ಮ್ಹಸೆಯವರಂಥ ಕಲಾವಿದರ ಮೂಲಕ 1970ರ ದಶಕದಲ್ಲಿ ಕಾಗದಕ್ಕೆ ಬಂದ ವಾರ್ಲಿ ಶೈಲಿ, ತ್ರಿಕೋನ ಮತ್ತು ವೃತ್ತಗಳ ಸರಳತೆಯಿಂದಾಗಿ ಮಹಾರಾಷ್ಟ್ರದ ಶಾಲೆಗೋಡೆಗಳ ಸಾಮಾನ್ಯ ಭಾಷೆಯಾಗಿದೆ. ಕರ್ನಾಟಕದ ಗೋಡೆಗಳಲ್ಲೂ ಅದು ಅಪರೂಪವಲ್ಲ. ಗುರುವಾಯೂರು ದೇವಾಲಯದಲ್ಲಿ 1970ರ ಬೆಂಕಿಗೆ ಹಳೆಯ ಚಿತ್ರಗಳು ಹಾಳಾದ ಮೇಲೆ ನಡೆದ ಪುನರುಜ್ಜೀವನ, 1989ರಲ್ಲಿ ಅಲ್ಲಿ ಸ್ಥಾಪನೆಯಾದ ಭಿತ್ತಿಚಿತ್ರ ವಿದ್ಯಾಲಯ, ಇವುಗಳಿಂದ ಕೇರಳದ ಪಂಚವರ್ಣ ಶೈಲಿ ಗುಡಿಯಿಂದ ಮನೆಯ ಹಜಾರಕ್ಕೂ ಸಾರ್ವಜನಿಕ ಗೋಡೆಗೂ ಇಳಿಯಿತು. ನೀಲಗಿರಿಯ ಆಲು ಕುರುಂಬರದು ಇನ್ನೊಂದು ದಾರಿ. ಕೋತಗಿರಿ ಸುತ್ತಿನ ಬಂಡೆಚಿತ್ರಗಳ ನೆರೆಯಲ್ಲಿ ಬೆಳೆದ ಅವರ ಕಲೆಗೆ ಹೊನ್ನೆ ಮರದ ಅಂಟು, ಎಲೆಯ ರಸ, ಮಣ್ಣು ಬಣ್ಣಗಳಾದರೆ ಜೇನು ಕೀಳುವುದು ಅಚ್ಚುಮೆಚ್ಚಿನ ವಸ್ತು.

ಕುಂಬಳೆಯ ಪಾರ್ತಿಸುಬ್ಬನ ಸೀಮೆಯ ಶಾಲೆಯಲ್ಲಿ ಯಕ್ಷಗಾನದ ಕಿರೀಟ ಬರೆಯಬೇಕೋ, ಕಥಕಳಿಯ ಪಚ್ಚೆ ಮುಖ ಬರೆಯಬೇಕೋ ಎಂಬುದು ಈ ಹಿನ್ನೆಲೆಯಲ್ಲಿ ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎರಡಕ್ಕೂ ಆ ಮಣ್ಣಿನಲ್ಲಿ ಎಡೆಯುಂಟು. ತೆಯ್ಯಂ ಮತ್ತು ಭೂತದ ಮುಖವರ್ಣಿಕೆಗಳು ಪಕ್ಕಪಕ್ಕದಲ್ಲೇ ಬಾಳಿದ ಸೀಮೆಯದು. ತೊಡಕು ಬರುವುದು ‘ರಾಜ್ಯದ ಸಂಸ್ಕೃತಿ’ ಎಂಬ ಸಿದ್ಧಮಾದರಿ ಒಂದನ್ನು ಮಾತ್ರ ಗೋಡೆಗೆ ತರುವಾಗ. ಇದಕ್ಕೆ ಹೋಲಿಸಿದರೆ ಮನೆಯ ‘ಮಕ್ಕಳ ಕೋಣೆ’ಯ ಗೋಡೆ ಹೆಚ್ಚು ಏಕರೂಪದ್ದು. ಪೇಟೆಯ ಮಧ್ಯಮವರ್ಗದ ಈ ಹೊಸ ಕೋಣೆಯಲ್ಲಿ ಅಂಟುಚಿತ್ರದ ಕಾರ್ಟೂನುಗಳೂ ಇಂಗ್ಲಿಷ್ ವರ್ಣಮಾಲೆಯೂ ನೆಲೆಸಿವೆ. ಅಲ್ಲಿ ಕನ್ನಡ ಸೋಲುತ್ತಿರುವುದು ನೆರೆಭಾಷೆಗಳಿಗಲ್ಲ. ನೆರೆಭಾಷೆಗಳೂ ಅದೇ ಕೋಣೆಯಲ್ಲಿ ಸೋಲುತ್ತಿವೆ.

ಕಾನೂನಿಗೆ ಕಾಣದ ಗೋಡೆ

ರಾಜ್ಯ ಪುನರ್ವಿಂಗಡಣೆಯ ವರ್ಷವಾದ 1956ರಲ್ಲೇ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬುದು ಅದರ ಆಶಯ. 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಹುದ್ದೆಯನ್ನು ಸೃಷ್ಟಿಸಿತು. ಅಲ್ಲಿಂದ ಮುಂದೆ ನಡೆದ ವಾದ, ಮನವಿ, ಹೋರಾಟಗಳ ವಿಷಯ ಮುಖ್ಯವಾಗಿ ಮೂರು: ಮಾಧ್ಯಮ, ಶಿಕ್ಷಕ, ಪಠ್ಯಪುಸ್ತಕ. ಈ ಮೂರರಲ್ಲಿ ಸಿಕ್ಕಿದ್ದೂ ಉಂಟು. ಮಹಾರಾಷ್ಟ್ರದ ಬಾಲಭಾರತಿ, ಕೇರಳ ಮತ್ತು ತಮಿಳುನಾಡಿನ ಪಠ್ಯಪುಸ್ತಕ ಸಂಸ್ಥೆಗಳು ಕನ್ನಡದಲ್ಲಿ ಪುಸ್ತಕ ಪ್ರಕಟಿಸುತ್ತಿವೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಸರಕಾರದೊಡನೆ ಪತ್ರವ್ಯವಹಾರದಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆ ಬಳಸುವ ಅವಕಾಶ ಕೊಟ್ಟಿತು. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ, ಕೇರಳದ 2017ರ ಮಲಯಾಳ ಕಲಿಕಾ ಕಾಯ್ದೆಗಳು ರಾಜ್ಯಭಾಷೆಯನ್ನು ಕಡ್ಡಾಯಗೊಳಿಸಿದಾಗ ಗಡಿನಾಡಿನಲ್ಲಿ ನಡೆದ ಚರ್ಚೆಯೂ ಪುಸ್ತಕ ಮತ್ತು ಪರೀಕ್ಷೆಯನ್ನೇ ಕುರಿತದ್ದು. ಗೋಡೆಯ ಹೆಸರು ಈ ಚರ್ಚೆಯಲ್ಲಿ ಬರಲಿಲ್ಲ.

ಸಾರ್ವಜನಿಕ ಗೋಡೆಯ ಬಣ್ಣ ಮಾತಾಡುತ್ತದೆ ಎಂಬುದನ್ನು ನ್ಯಾಯಾಲಯಗಳು ಒಪ್ಪಿಕೊಂಡಿವೆ. ಆಂಧ್ರಪ್ರದೇಶದ ಪಂಚಾಯಿತಿ ಕಟ್ಟಡಗಳಿಗೆ ಆಡಳಿತ ಪಕ್ಷದ ಧ್ವಜದ ಬಣ್ಣ ಬಳಿದುದನ್ನು ತೆಗೆಯುವಂತೆ ಅಲ್ಲಿನ ಹೈಕೋರ್ಟು ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಕ್ಷರವೇ ಇಲ್ಲದ ಬಣ್ಣಕ್ಕೆ ಅರ್ಥವಿರುವುದಾದರೆ ಅಕ್ಷರವಿರುವ ಗೋಡೆಯ ಅರ್ಥವನ್ನು ಕಾಮಗಾರಿಯ ಕಡತಕ್ಕೆ ಬಿಟ್ಟುಕೊಡಲಾಗದು. ಭಾಷಾದೃಶ್ಯವನ್ನು ಕುರಿತ 1997ರ ಅಧ್ಯಯನದಲ್ಲಿ ಲ್ಯಾಂಡ್ರಿ ಮತ್ತು ಬುರ್ಹಿಸ್ ಸಾರ್ವಜನಿಕ ಫಲಕಗಳ ಎರಡು ಕೆಲಸಗಳನ್ನು ಗುರುತಿಸಿದರು: ಮಾಹಿತಿ ಕೊಡುವುದು, ಭಾಷಿಕ ಸಮುದಾಯದ ಸ್ಥಾನಮಾನವನ್ನು ಸೂಚಿಸುವುದು. ಎಸ್ತೋನಿಯದ ಆಗ್ನೇಯ ಭಾಗದ ವೊರೊ ಭಾಷೆಯ ಶಾಲೆಗಳನ್ನು ಅಭ್ಯಸಿಸಿದ ಕಾರಾ ಬ್ರೌನ್ ಇದೇ ದೃಷ್ಟಿಯನ್ನು ಶಾಲೆಯ ಒಳಕ್ಕೆ ತಂದು ‘ಸ್ಕೂಲ್‌ಸ್ಕೇಪ್’ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ಕಟ್ಟಡದ ಯಾವ ಮೂಲೆಯಲ್ಲಿ ಯಾವ ಭಾಷೆ ಕಾಣುತ್ತದೆ ಎಂಬುದರಿಂದ ಆ ಭಾಷೆಗೆ ಶಾಲೆ ಕೊಟ್ಟ ಬೆಲೆ ತಿಳಿಯುತ್ತದೆ. ಕನ್ನಡ, ಮಲಯಾಳ ಎರಡೂ ಮಾಧ್ಯಮಗಳು ಒಂದೇ ಕಟ್ಟಡದಲ್ಲಿ ನಡೆಯುವ ಕಾಸರಗೋಡಿನ ಶಾಲೆಗಳಿಗೆ ಈ ವಿಧಾನ ನೇರವಾಗಿ ಅನ್ವಯಿಸುತ್ತದೆ. ರಸ್ತೆಯ ಕಡೆಗಿನ ಗೋಡೆ ಯಾವ ಭಾಷೆಯದು, ತರಗತಿಯೊಳಗಿನದು ಯಾವುದರದು, ಊಟದ ಕೋಣೆಯದು ಯಾವುದರದು ಎಂದು ಕೇಳಿದರೆ ಸಾಕು.

ಇನ್ನೂ ಗಂಭೀರವಾದುದು ಅಂಗನವಾಡಿಯ ಗೋಡೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೆ ‘ಮಾಧ್ಯಮ’ ಎಂಬುದು ಕಾಗದದಲ್ಲಿಲ್ಲ. 350ಎ ವಿಧಿಯ ಮಾತು ‘ಪ್ರಾಥಮಿಕ ಹಂತ’ದಿಂದ ಶುರುವಾಗುತ್ತದೆ. ಮಗು ಗೋಡೆಯನ್ನು ದಿಟ್ಟಿಸಿ ನೋಡುವ ಮೂರರಿಂದ ಆರರ ವಯಸ್ಸು ಅದಕ್ಕೂ ಹಿಂದಿನದು. ಈಗ ಸಕ್ಷಮ್ ಅಂಗನವಾಡಿ ಕಾರ್ಯಕ್ರಮದಡಿ ‘ಬಾಲಾ’ ಚಿತ್ರಗಳು ಈ ಕೇಂದ್ರಗಳಿಗೂ ಬರುತ್ತಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಅವಧಿಯನ್ನು ಒಂದೇ ಬುನಾದಿ ಹಂತವಾಗಿ ನೋಡುತ್ತದೆ. ಶಿಕ್ಷಣ ಮೂರಕ್ಕೆ ಶುರುವಾಗುವುದಾದರೆ ಮಾತೃಭಾಷೆಯ ಸೌಲಭ್ಯ ಆರಕ್ಕೆ ಶುರುವಾಗಬೇಕೇಕೆ ಎಂಬ ಪ್ರಶ್ನೆಗೆ ಉತ್ತರ ಕೇಳಬೇಕಾದ ಸಮಯವಿದು.

ಪರಿಹಾರವೆಂದು ಏಕಭಾಷೆಯ ಗೋಡೆಯನ್ನು ಬಯಸುವುದು ಗಡಿನಾಡಿನ ಅನುಭವಕ್ಕೆ ವಿರುದ್ಧವಾದೀತು. ಅಲ್ಲಿನ ಮಗು ಎರಡು–ಮೂರು ಭಾಷೆಗಳಲ್ಲಿ ಬೆಳೆಯುತ್ತದೆ, ಅದು ಅದರ ಸಂಪತ್ತು. ಬೇಕಾದುದು ಆ ಸಂಪತ್ತನ್ನು ಲೆಕ್ಕಕ್ಕೆ ತೆಗೆದುಕೊಂಡ ಗೋಡೆ. ಇಲಿಯ ಒಂದೇ ಚಿತ್ರದ ಬಲಕ್ಕೆ ಕನ್ನಡದ ‘ಇಲಿ’, ಎಡಕ್ಕೆ ಮಲಯಾಳದ ‘ಎಲಿ’. ಕೆಳಗಿನ ಎಲೆಯ ಚಿತ್ರಕ್ಕೆ ‘ಎಲೆ’, ‘ಇಲ’. ಹೀಗೆ ಬರೆದರೆ ಎರಡು ಭಾಷೆಗಳ ನಂಟೂ ಅಂತರವೂ ಮಗುವಿಗೆ ಒಟ್ಟಿಗೆ ಕಾಣುತ್ತವೆ. ರಾಜಧಾನಿಯ ಶಾಲೆಗೆ ಇಂಥ ಗೋಡೆ ಬರೆಯುವ ಅವಕಾಶವೇ ಇಲ್ಲ, ಗಡಿನಾಡಿಗೆ ಇದೆ. ಇದಕ್ಕೆ ದೊಡ್ಡ ವೆಚ್ಚವೂ ಬೇಕಿಲ್ಲ. ಆಯಾ ರಾಜ್ಯದ ಕನ್ನಡ ಪಠ್ಯಪುಸ್ತಕ ಸಮಿತಿಯೇ ಚಿತ್ರ–ಅಕ್ಷರಗಳ ಸ್ಥಳೀಯ ಪಟ್ಟಿಯೊಂದನ್ನು ಸಿದ್ಧಪಡಿಸಿ ಕಾಮಗಾರಿಯ ಅಂದಾಜುಪಟ್ಟಿಗೆ ಲಗತ್ತಿಸಬಹುದು. ಬಿಲ್ಲು ಮಂಜೂರಾಗುವ ಮೊದಲು ಕನ್ನಡ ಶಿಕ್ಷಕರೊಬ್ಬರು ಗೋಡೆಯನ್ನು ಓದಿ ಸಹಿ ಹಾಕಬಹುದು. ಭಾಷಾ ಅಲ್ಪಸಂಖ್ಯಾತರ ವರದಿಗಳಲ್ಲಿ ಪುಸ್ತಕ, ಶಿಕ್ಷಕರ ಅಂಕಿ ಅಂಶಗಳ ಪಕ್ಕದಲ್ಲಿ ಗೋಡೆಗೂ ಒಂದು ಕಲಮು ಸೇರಬಹುದು.

ಸಂಶೋಧಕರ ಪಾಲಿನ ಕೆಲಸ ಇದಕ್ಕಿಂತ ತುರ್ತಿನದು. ಕಡತವೂ ತಾಳೆಗರಿಯೂ ಭಂಡಾರಗಳಲ್ಲಿ ಉಳಿದಿವೆ, ಶಾಲೆಯ ಗೋಡೆ ಉಳಿಯುವುದಿಲ್ಲ. ಮುಂದಿನ ಯೋಜನೆಯ ಬಣ್ಣ ಹಿಂದಿನದನ್ನು ಮುಚ್ಚುತ್ತದೆ, ಮುಚ್ಚಿದ್ದಕ್ಕೆ ದಾಖಲೆ ಇರುವುದಿಲ್ಲ. ಮಂಜೇಶ್ವರದಿಂದ ಜತ್ತದವರೆಗೆ, ಹೊಸೂರಿನಿಂದ ನಾರಾಯಣಪೇಟೆಯವರೆಗೆ ಈಗಿರುವ ಕನ್ನಡ ಗೋಡೆಗಳನ್ನು ಶಾಲೆ, ವರ್ಷ, ಯೋಜನೆ, ಚಿತ್ರ, ಅಕ್ಷರಗಳ ವಿವರದೊಂದಿಗೆ ಛಾಯಾಚಿತ್ರಗಳಲ್ಲಿ ಸಂಗ್ರಹಿಸುವುದು ಕಷ್ಟದ ಕೆಲಸವೇನಲ್ಲ. ಮುಂದಿನ ಬೇಸಿಗೆ ರಜೆಯ ಬಣ್ಣ ಬೀಳುವ ಮುನ್ನ ಅದು ಆರಂಭವಾಗಬೇಕು.